ಜಿಂಕೆಗೆ ಯಾವ ತೋಟಾವೂ ಬೇಡ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ರೈತ ಬಂಧುಗಳಲ್ಲಿ, ಅದರಲ್ಲೂ ಮನೆಯಲ್ಲಿ ಪರವಾನಗಿಯ ಬಂದೂಕು ಇಟ್ಟುಕೊಂಡವರಲ್ಲಿ ಒಂದು ಮನವಿ.

ಜಿಂಕೆ ಹೊಡೆಯಲು ಯಾವ ತೋಟಾ ಸರಿ, ದಪ್ಪ ಚರೆಯ ಎಲ್‌ಜಿ ಸಾಕೇ, ರೈಫಲ್ ಗುಂಡೇ ಬೇಕೇ ಎಂಬ ಮಾತು ಎಲ್ಲಾದರೂ ಕಿವಿಗೆ ಬಿದ್ದರೆ ದಯವಿಟ್ಟು ಅಲ್ಲೇ ತಡೆಯಿರಿ. ಹೊರದೇಶದಲ್ಲಿ ಲೈಸೆನ್ಸ್ ಪಡೆದು ಬೇಟೆಯಾಡುವವರ ವಿಡಿಯೊಗಳನ್ನು ಹುಡುಗರು ಮೊಬೈಲಿನಲ್ಲಿ ನೋಡುತ್ತಾರೆ. ಅಲ್ಲಿನ ಕಾನೂನು ಬೇರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ, ಕಡವೆ, ಕೃಷ್ಣಮೃಗ, ಕೊಂಡುಕುರಿ ಯಾವುದನ್ನೂ ಹೊಡೆಯುವಂತಿಲ್ಲ. ಬೆಳೆ ಕಾಯಲು ಕೊಟ್ಟ ಪರವಾನಗಿ ಬೇಟೆಯ ಪರವಾನಗಿಯಲ್ಲ. ಕೃಷ್ಣಮೃಗ, ಕೊಂಡುಕುರಿಗಳು ಮೊದಲನೇ ಪರಿಚ್ಛೇದದಲ್ಲಿವೆ. ಕೊಂದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಮಾಂಸ ಕೊಂಡವರೂ ಪಾರಾಗುವುದಿಲ್ಲ.

ಜಗಳೂರಿನವರಿಗೆ ಇನ್ನೊಂದು ಮಾತು. 2011ರಲ್ಲಿ ನಿಮ್ಮ ರಂಗಯ್ಯನದುರ್ಗದ ಕಾಡನ್ನು ವನ್ಯಧಾಮವೆಂದು ಘೋಷಿಸಿದ್ದೇ ಕೊಂಡುಕುರಿಗಾಗಿ. ಗಂಡಿಗೆ ನಾಲ್ಕು ಕೊಂಬು: ಹಿಂದೆ ನೆಟ್ಟಗಿನ ಎರಡು, ಹಣೆಯ ಮೇಲೆ ಮೊಳಕೆಯಂಥ ಎರಡು. ಭಾರತ, ನೇಪಾಳ ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಇದಿಲ್ಲ. ಹಿಂಡು ಕಟ್ಟುವುದಿಲ್ಲ, ಒಂಟಿಯಾಗಿಯೋ ಜೋಡಿಯಾಗಿಯೋ ಇರುತ್ತದೆ. ಎಂಟು ತಿಂಗಳು ಹೊತ್ತು ಒಂದೋ ಎರಡೋ ಮರಿ ಹಾಕುತ್ತದೆ. ಬೇಸಿಗೆಯಲ್ಲಿ ನೀರು ಬಿಟ್ಟು ದೂರ ಹೋಗದು. ಹೊಂಚು ಹಾಕುವವನಿಗೆ ಅಷ್ಟೇ ಸಾಕು. ಬರದ ನಾಡಿನಲ್ಲಿ ಹೇಗೋ ಬದುಕಿಕೊಂಡು ಬಂದ ಪ್ರಾಣಿಯನ್ನು ಒಂದು ರಾತ್ರಿಯ ಸಾರಿಗಾಗಿ ಕಳೆದುಕೊಳ್ಳಬೇಕೇ?

ತೋಟಾದ ವಿಷಯಕ್ಕೇ ಬನ್ನಿ. ಚರೆ ಚದುರುತ್ತದೆ. ಹೊಟ್ಟೆಗೋ ತೊಡೆಗೋ ಒಂದೆರಡು ಹೊಕ್ಕ ಜಿಂಕೆ ಬೀಳುವುದಿಲ್ಲ, ಓಡುತ್ತದೆ. ದಿನಗಟ್ಟಲೆ ನರಳಿ ಪೊದೆಯೊಳಗೆ ಸಾಯುತ್ತದೆ. ರೈಫಲ್ ಗುಂಡು ಗುರಿ ತಪ್ಪಿದರೆ ಒಂದು ಕಿಲೋಮೀಟರಿಗೂ ಆಚೆ ಹೋಗುತ್ತದೆ. ರಾತ್ರಿ ಟಾರ್ಚಿನ ಬೆಳಕಿಗೆ ಹೊಳೆದ ಕಣ್ಣಿನ ಹಿಂದೆ ಪಂಪ್‌ಸೆಟ್ ಹಾಕಲು ಬಂದ ನಿಮ್ಮ ಅಣ್ಣನೇ ನಿಂತಿರಬಹುದು. ಇನ್ನು ಸೀಸ. ಮೂಳೆಗೆ ಬಡಿದ ಗುಂಡು ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ಮಾಂಸದಲ್ಲಿ ಹರಡುತ್ತದೆ, ಬೇಯಿಸಿದರೂ ಹೋಗದು. ಸೀಸಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಳೆಯ ಮಕ್ಕಳ ಮಿದುಳಿಗೆ ಅದರ ಪೆಟ್ಟು ಹೆಚ್ಚು. ಬೇಟೆಗೆ ಅವಕಾಶವಿರುವ ಕ್ಯಾಲಿಫೋರ್ನಿಯಾದಲ್ಲೂ 2019ರಿಂದ ಸೀಸದ ಗುಂಡಿನಲ್ಲಿ ಬೇಟೆಯಾಡುವಂತಿಲ್ಲ.

ಮೆಕ್ಕೆಜೋಳ ತಿಂದುಹೋದ ಹೊಲದ ಮುಂದೆ ನಿಂತವನ ಹೊಟ್ಟೆಯುರಿ ಸುಳ್ಳಲ್ಲ. ಸಾಲ ಮಾಡಿ ಬಿತ್ತಿದವನಿಗೆ ಕಾಡಿನ ಉಪದೇಶ ರುಚಿಸದು, ನಿಜ. ಆದರೆ ಕಾಡುಪ್ರಾಣಿಗಳಿಂದಾದ ಬೆಳೆ ಹಾನಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಹಾನಿಯಾದ ಬೆಳಿಗ್ಗೆಯೇ ಫೋಟೊ ತೆಗೆದು, ಪಹಣಿ ಜೊತೆಗಿಟ್ಟು ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಡಿ. ಕಚೇರಿಯವರು ವಿಳಂಬ ಮಾಡಿದರೆ ಪಂಚಾಯಿತಿ ಸದಸ್ಯರನ್ನು ಕರೆದುಕೊಂಡು ಹೋಗಿ ಕೇಳಿ. ಅದು ನಿಮ್ಮ ಹಕ್ಕು.

ಬಂದೂಕು ಇರುವ ಮನೆಯ ಹಿರಿಯರೇ, ಅದಕ್ಕೂ ತೋಟಾಗಳಿಗೂ ಬೇರೆ ಬೇರೆ ಬೀಗ ಹಾಕಿ, ಕೀಲಿ ನಿಮ್ಮ ಹತ್ತಿರವೇ ಇರಲಿ. ಹುಡುಗರು ಕೇಳಿದರೆ ಕೊಡಬೇಡಿ. ಕಾಡಂಚಿನಲ್ಲಿ ರಾತ್ರಿ ಗುಂಡಿನ ಸದ್ದು ಕೇಳಿದರೆ, ಉರುಳು ಕಂಡರೆ, ಯಾರಾದರೂ ಜಿಂಕೆ ಮಾಂಸ ಮಾರಲು ಬಂದರೆ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.