ಐದು ಲಕ್ಷದ ಅಭಯ, ಮೊದಲ ಐನೂರರ ಭಯ

ಹನ್ನೆರಡನೆಯ ಶತಮಾನದ ಶರಣ ಸಮೂಹದಲ್ಲಿ ವೈದ್ಯ ಸಂಗಣ್ಣನೂ ಒಬ್ಬ. ವೈದ್ಯವೃತ್ತಿಯೇ ಆತನ ಕಾಯಕ. ನೇಯ್ಗೆ, ಮಡಿವಾಳಿಕೆ, ಅಂಬಿಗತನಗಳ ಸಾಲಿನಲ್ಲಿಯೇ ವೈದ್ಯವೂ ನಿಂತದ್ದು ಅರ್ಥಪೂರ್ಣವಾಗಿದೆ. ದೇಹ ಕುಸಿದರೆ ಕಾಯಕ ನಿಲ್ಲುತ್ತದೆ. ಕಾಯಕ ನಿಂತರೆ ದಾಸೋಹವೂ ನಿಲ್ಲುತ್ತದೆ. ಆದುದರಿಂದ ದುಡಿಯುವವರ ಆರೋಗ್ಯವೆಂಬುದು ಅವರವರ ಮನೆಯ ಚಿಂತೆ ಮಾತ್ರವಲ್ಲ, ಸಮಾಜದ ಹೊಣೆ.

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ದುಡಿಮೆಯನ್ನೇ ನಂಬಿದ ಬರದ ಸೀಮೆ. ರೇಷ್ಮೆ ಸೀರೆಯ ನೇಕಾರರು, ಮಳೆಯನ್ನು ನೆಚ್ಚಿ ಶೇಂಗಾ ಬಿತ್ತುವ ರೈತರು, ಎಣ್ಣೆ ಗಿರಣಿಗಳ ಹಮಾಲರು, ಕುರಿಗಾಹಿಗಳು, ಕಂಬಳಿ ನೇಯುವವರು ಇಲ್ಲಿನ ಜನ. ಇವರಲ್ಲಿ ಬಹುತೇಕರಿಗೆ ತಿಂಗಳ ಸಂಬಳವಿಲ್ಲ. ಕೈ ಆಡಿದ ದಿನವಷ್ಟೇ ಗಳಿಕೆ.

ಇಂತಹವರಿಗಾಗಿ ಕರ್ನಾಟಕವು ಏನನ್ನೂ ಮಾಡಿಲ್ಲವೆಂದರೆ ತಪ್ಪಾದೀತು. 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯರು ತಿಂಗಳಿಗೆ 5 ರೂಪಾಯಿಯ ವಂತಿಗೆಯಿಂದ ಶಸ್ತ್ರಚಿಕಿತ್ಸೆಯ ರಕ್ಷಣೆ ಪಡೆದರು. 2018ರಲ್ಲಿ ಅದು ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿ, 2023ರ ಜನವರಿಯಲ್ಲಿ ಮತ್ತೆ ಜಾರಿಗೆ ಬಂದಿತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವು ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ರಕ್ಷಣೆ ನೀಡುತ್ತದೆ. ಉಳಿದವರಿಗೆ ನಿಗದಿತ ವೆಚ್ಚದ ಶೇಕಡ 30ರಷ್ಟು ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಪಡಿತರ ಚೀಟಿಯ ಬಣ್ಣ ಬದಲಾದರೆ ರಕ್ಷಣೆಯೂ ಕುಗ್ಗುತ್ತದೆ. ರೋಗ ಮಾತ್ರ ಚೀಟಿಯನ್ನು ಕೇಳಿ ಬರುವುದಿಲ್ಲ.

ಆದರೆ ಮೂಲ ಕೊರತೆ ಬೇರೆಡೆ ಇದೆ. ಈ ಯೋಜನೆಗಳು ಮುಖ್ಯವಾಗಿ ರೋಗಿ ಆಸ್ಪತ್ರೆಯ ಹಾಸಿಗೆ ಹಿಡಿದ ಮೇಲೆ ಕೈಹಿಡಿಯುತ್ತವೆ. ರಕ್ತದೊತ್ತಡದ, ಸಕ್ಕರೆ ಕಾಯಿಲೆಯ ದಿನನಿತ್ಯದ ಗುಳಿಗೆಗೆ ಸರ್ಕಾರಿ ಆಸ್ಪತ್ರೆಯೇ ಗತಿ. ಅಲ್ಲಿ ಔಷಧಿ ಮುಗಿದಿದ್ದರೆ ಹೊರಗಿನ ಅಂಗಡಿ. ಕೈಯಲ್ಲಿ ಹಣವಿಲ್ಲದಿದ್ದರೆ ಗುಳಿಗೆಯೇ ಇಲ್ಲ. ಹೀಗೆ ಗುಳಿಗೆ ತಪ್ಪಿದ ದೇಹಕ್ಕೆ ಮುಂದೊಂದು ದಿನ ಲಕ್ವ ಹೊಡೆಯಬಹುದು, ಮೂತ್ರಪಿಂಡ ಸೋಲಬಹುದು. ಆಗ ವಿಮೆಯ ಲಕ್ಷಗಳು ಬರುತ್ತವೆ, ಆದರೆ ಮಗ್ಗಕ್ಕೆ ಮರಳುವ ಕೈ ಬರುವುದಿಲ್ಲ. ಐದು ಲಕ್ಷದ ಅಭಯವಿದ್ದರೂ ಬಡವನನ್ನು ಮೊದಲು ಅಂಜಿಸುವುದು ಪರೀಕ್ಷೆ, ಗುಳಿಗೆ, ಬಸ್ಸಿನ ಚಾರ್ಜು ಹಾಗೂ ಕಳೆದುಹೋದ ಕೂಲಿಯ ಐನೂರು ರೂಪಾಯಿ.

ಇದು ಹಿಂದೆ ಯಾರಿಗೂ ಹೊಳೆಯದ ಮಾತೇನಲ್ಲ. 2005–06ರಲ್ಲಿ ಕೇಂದ್ರ ಸರ್ಕಾರ ಕೈಮಗ್ಗ ನೇಕಾರರಿಗಾಗಿ ತಂದ ಆರೋಗ್ಯ ವಿಮೆಯಲ್ಲಿ ಕುಟುಂಬಕ್ಕಿದ್ದ 15,000 ರೂಪಾಯಿಯ ಮಿತಿಯಲ್ಲಿ 7,500 ರೂಪಾಯಿ ಹೊರರೋಗಿ ಚಿಕಿತ್ಸೆಗೇ ಮೀಸಲಾಗಿತ್ತು. ಮೊತ್ತ ಚಿಕ್ಕದು, ವಿವೇಕ ದೊಡ್ಡದು. ಆ ಯೋಜನೆ ಇಂದು ಉಳಿದಿಲ್ಲ. ಆ ವಿವೇಕವಾದರೂ ಮರಳಬೇಕು.

ಹೊರರೋಗಿಗಳಿಗೂ ವಿಮೆ ಕೊಟ್ಟರೆ ಸುಳ್ಳು ಬಿಲ್ಲುಗಳು ಹೆಚ್ಚುತ್ತವೆ ಎಂಬ ಆಕ್ಷೇಪವುಂಟು. ಅದರಲ್ಲಿ ಹುರುಳಿಲ್ಲದಿಲ್ಲ. ಆದ್ದರಿಂದಲೇ ಆ ಹಣವು ಬಿಲ್ಲಿನ ಮೂಲಕವಲ್ಲ, ತಾಲ್ಲೂಕು ಆಸ್ಪತ್ರೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಹರಿಯಬೇಕು. ವರ್ಷವಿಡೀ ತಪ್ಪದ ಔಷಧಿ, ಅಲ್ಲಿಯೇ ರಕ್ತಪರೀಕ್ಷೆ, ಖಾಲಿ ಬೀಳದ ವೈದ್ಯರ ಹುದ್ದೆಗಳು: ವಿಮೆಯ ಮಿತಿಯನ್ನು ಏರಿಸುವ ಮುನ್ನ ಆಗಬೇಕಾದ ಕೆಲಸಗಳಿವು. ಮೊಳಕಾಲ್ಮೂರಿಗೆ ಚಿತ್ರದುರ್ಗಕ್ಕಿಂತ ಬಳ್ಳಾರಿಯೇ ಹತ್ತಿರ. ಜಿಲ್ಲೆಯ ಗಡಿಯನ್ನು ನೋಡದೆ, ರೋಗಿಗೆ ಸಮೀಪವಾದ ಆಸ್ಪತ್ರೆಗೆ ಶಿಫಾರಸು ಪತ್ರ ಸುಲಭವಾಗಿ ದೊರೆಯಬೇಕು. ಸಹಕಾರ ಸಂಘದ ಸದಸ್ಯತ್ವವಿಲ್ಲದ ನೇಕಾರನಿಗೂ ಯಶಸ್ವಿನಿಯ ಬಾಗಿಲು ತೆರೆಯಬೇಕು.

ದಾಸೋಹವು ಭಿಕ್ಷೆಯಲ್ಲ. ಕೊಡುವವನಿಗೆ ಅಹಂ ಇರದ, ಪಡೆಯುವವನಿಗೆ ದೈನ್ಯ ಇರದ ಹಂಚಿಕೆಯದು. ಆರೋಗ್ಯವಂತರ ವಂತಿಗೆ ರೋಗಿಗೆ ಸಲ್ಲುವ ವಿಮೆಯೂ ಅದೇ ತತ್ತ್ವದ್ದು. ಹಸಿದವನು ಮೂರ್ಛೆ ಹೋದ ಮೇಲೆ ಅನ್ನ ಬಡಿಸುವುದನ್ನು ಯಾರೂ ದಾಸೋಹವೆನ್ನರು. ಔಷಧಿಯ ಮಾತೂ ಹಾಗೆಯೇ.