ಕೈ ನಿಂತ್ರ ರೋಗ ನಿಂತಂಗೇನ್ರೀ?

ವಾಯು ಅಂದ್ರು. ಮೈಮ್ಯಾಲೆ ದೇವ್ರು ಬಂದಾಳ ಅಂದ್ರು. ನಾಟಕ ಅಂದ್ರು. ಒಬ್ಬರರ 'ಆಕಿ ನಾಡಿ ಹಿಡದು ನೋಡ್ರಿ' ಅಂದ್ರೇನ್ರಿ? ನಾನೂ ಅನ್ಲಿಲ್ಲ. ಅದಕ್ಕ ಇದನ್ನ ಬರೀಲಿಕತ್ತೇನಿ.

ದ್ವಾದಶಿ ಪಾರಣಿಗೆ ಕೂತಾಗ ನಮ್ಮ ಮೌಶಿ ಎಡಗೈ ಒಮ್ಮೆಲೆ ಹಾರ್ಯಾಡ್ಲಿಕ್ಕೆ ಹತ್ತಿತು. ನಡುಗೋದಲ್ಲ, ಕಲ್ಲು ಒಗದಂಗ! ಸಾರಿನ ಬಟ್ಟಲಾ ಗ್ವಾಡಿಗೆ ಹೋಗಿ ಬಡೀತು. ಬಲಗೈಲೆ ಒತ್ತಿ ಹಿಡದ್ರೂ ನಿಲ್ಲಲಿಲ್ಲ, ನಿದ್ದಿ ಹತ್ತಿದ ಮ್ಯಾಲೆ ನಿಂತಿತು. "ನೋಡು, ಮಲಕೊಂಡ್ರ ಏನೂ ಇಲ್ಲ, ಎಲ್ಲಾ ನಾಟಕ" ಅಂದ್ರು ನಮ್ಮ ಸೋದರಮಾವ. ಓಣಿ ಡಾಕ್ಟರು 'ಟೆನ್ಶನ್' ಅಂತ ಗುಳಗಿ ಬರದ್ರು. ಹತ್ತು ದಿವಸಕ್ಕ ಕೈ ತಾನ ತಣ್ಣಗಾತು. ಅಂಗಾರದ ಮಹಿಮಾ ಅಂತ ಮನ್ಯಾಗ ಪಾಯಸಾನೂ ಆತು!

ಮೂರು ತಿಂಗಳಿಗೆ ಮೌಶಿದು ಬಲಭಾಗ ಬಿತ್ತು, ಮಾತು ಹೋತು. ದೊಡ್ಡ ದವಾಖಾನ್ಯಾಗ ಇಸಿಜಿ, ಸ್ಕ್ಯಾನ್ ಮಾಡಿ ಹೇಳಿದ್ರು: ಮೊದಲಿನದೂ ಸ್ಟ್ರೋಕೇ.

ಹೃದಯದ ಮ್ಯಾಲಿನ ಖೋಲಿಗಳು ಸರಿಯಾಗಿ ಬಡಕೊಳ್ಳದ ಬರೇ ಪಟಪಟ ಅಂದ್ರ ನಾಡಿ ತಾಳ ತಪ್ಪತದ, ರಕ್ತ ಅಲ್ಲೇ ನಿಂತು ಹೆಪ್ಪುಗಟ್ತದ. ಏಟ್ರಿಯಲ್ ಫಿಬ್ರಿಲೇಶನ್ ಅಂತಾರ. ಇದಿದ್ದವರಿಗೆ ಸ್ಟ್ರೋಕಿನ ಅಪಾಯ ಸುಮಾರು 5 ಪಟ್ಟು. ಮಿದುಳಿನ್ಯಾಗ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಅಂತ ಒಂದು ಸಣ್ಣ ಜಾಗಾ ಅದ, ಕೈಕಾಲಿನ ಲಗಾಮು ಇದ್ದಂಗ. ಹೆಪ್ಪಿನ ಚೂರು ಹೋಗಿ ಅಲ್ಲಿಗೆ ರಕ್ತ ನಿಂತ್ರ ಲಗಾಮು ಹರದು ಎದುರು ಭಾಗದ ಕೈಕಾಲು ಹಾರ್ಯಾಡ್ತಾವ. ಅಪರೂಪ, ಖರೆ. ಸಕ್ಕರಿ ಭಾಳ ಏರಿದ್ರೂ ಹಿಂಗಾಗ್ತದ. ಅದಕ್ಕನ ಸಕ್ಕರಿನೂ ನೋಡಬೇಕು, ತಲಿನೂ ನೋಡಬೇಕು, ಎದಿನೂ ನೋಡಬೇಕು.

ಸ್ಟ್ರೋಕ್ ಅಂದ್ರ ಕೈ ಬೀಳೋದು ಅಂತ ಎಲ್ಲಾರೂ ಕಲ್ತೇವಿ. ಕೈ ಕುಣಿಯೋದೂ ಸ್ಟ್ರೋಕ್ ಇರಬಹುದು ಅಂತ ಯಾರೂ ಕಲಿಸಿಲ್ಲ.

ಹರಕಿ ಹೊರಬ್ಯಾಡ್ರಿ ಅನ್ನಂಗಿಲ್ಲ ನಾ. ಆದ್ರ ಒಂದ ಬದಿ ಕೈಕಾಲು ಒಮ್ಮೆಲೆ ಹಾರ್ಯಾಡಿದ್ರ ಮೊದಲು 108ಕ್ಕ ಫೋನ್ ಹಚ್ಚರಿ, ಹರಕಿ ಗಾಡ್ಯಾಗ ಕೂತು ಹೊರ್ರಿ. ಹೆಪ್ಪು ಕರಗಿಸೋ ಇಂಜೆಕ್ಷನ್ನಿಗೆ ಸಾಧಾರಣ 4.5 ತಾಸಿನ ಗಡುವು. ಕೈ ನಿಂತ ಮ್ಯಾಲೂ 'ಈ ಹೆಪ್ಪು ಎಲ್ಲಿಂದ ಬಂತು?' ಅಂತ ಕೇಳದ ಮನಿಗೆ ಬರಬ್ಯಾಡ್ರಿ. ಎದಿಯಿಂದ ಬಂದಿದ್ರ ಮತ್ತ ಹೆಪ್ಪುಗಟ್ಟದಂಗ ತಡಿಯೋ ಗುಳಗಿ ಅವ. ನಮ್ಮ ಮೌಶಿಗೆ ಮೂರು ತಿಂಗಳ ಮೊದಲ ಸಿಗಬೇಕಾಗಿದ್ದು ಅದ.

ಈಗ ಮೌಶಿ ಸನ್ನಿ ಮಾಡೇ ಮಾತಾಡ್ತಾಳ. ನಾವು ನಾಟಕ ಅಂದ್ವಲ್ಲಾ, ಅದ ಎಡಗೈಲೆ.