ಬರಗಾಲದ ಹಬ್ಬ

ಮಳೆ ಕೈಕೊಟ್ಟ ವರ್ಷವೂ ಹಳ್ಳಿಯ ಮನೆಗಳಲ್ಲಿ ಹಬ್ಬ ನಿಲ್ಲುವುದಿಲ್ಲ. ಚಿನ್ನದ ಮಾತು ಮೊದಲೇ ಬಿದ್ದುಹೋಗುತ್ತದೆ, ಆಮೇಲೆ ದೊಡ್ಡವರ ಬಟ್ಟೆ, ಅದರ ಹಿಂದೆ ಪಟಾಕಿ. ಮಕ್ಕಳಿಗೊಂದು ಅಂಗಿ, ಎಲೆಗೊಂದು ಹೋಳಿಗೆ, ತವರಿಗೆ ಬಂದ ಮಗಳಿಗೆ ರವಿಕೆ ಕಣ ಇವು ಮಾತ್ರ ಸುಲಭಕ್ಕೆ ಬಿಡುವಂಥವಲ್ಲ. ಅದಕ್ಕೆಂದೇ ವರ್ಷವಿಡೀ ಯುಗಾದಿ ಚೀಟಿ ಕಟ್ಟುತ್ತಾರೆ. ಚೀಟಿ ಸಾಲದಿದ್ದರೆ ಸಂಘದ ಸಾಲ, ಇಲ್ಲವೇ ಅಂಗಡಿಯಲ್ಲಿ ಉದ್ರಿ.

ಬಡವರ ಈ ಖರ್ಚನ್ನು ದುಂದು ಎನ್ನುವವರು ಬಹಳ. ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ 2007ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ರಾಜಸ್ಥಾನದ ಉದಯಪುರದಲ್ಲಿ ಕಡುಬಡ ಕುಟುಂಬವೂ ವರ್ಷದ ಖರ್ಚಿನಲ್ಲಿ ಸಾಮಾನ್ಯವಾಗಿ ಶೇ 10ರಷ್ಟನ್ನು ಹಬ್ಬಗಳಿಗೆ ಎತ್ತಿಡುತ್ತಿತ್ತು. ಯಾಕೆಂಬುದಕ್ಕೆ ಉತ್ತರ ನಮ್ಮ ನೆಲದಲ್ಲೇ ಸಿಕ್ಕಿದೆ. ಕರ್ನಾಟಕದ ಹಳ್ಳಿಗಳ ಕುಂಬಾರ ಕುಟುಂಬಗಳ ನಡುವೆ ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞ ವಿಜಯೇಂದ್ರ ರಾವ್, ಊರಹಬ್ಬಕ್ಕೆ ಹೆಚ್ಚು ಖರ್ಚು ಮಾಡಿದ ಮನೆಗೆ ಮರ್ಯಾದೆಯೂ ಊಟದ ಕರೆಯೂ ಹೆಚ್ಚೆಂದು ಕಂಡರು. ಆಹಾರ ಪದಾರ್ಥಗಳೂ ಆ ಮನೆಗೆ ಕಡಿಮೆ ಬೆಲೆಗೆ ದೊರೆಯುತ್ತಿದ್ದವು. ಊರೊಂದಿಗಿನ ಸಂಬಂಧವೇ ಆಸ್ತಿಯಾದವರು ಆ ಆಸ್ತಿಯನ್ನು ಕಷ್ಟಕಾಲದಲ್ಲಿ ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಸರ್ಕಾರಕ್ಕೂ ಹಬ್ಬದ ಖರ್ಚಿನ ಬೆಲೆ ಗೊತ್ತು. 2020ರ ಕೋವಿಡ್ ಕುಸಿತದಲ್ಲಿ ಪೇಟೆಗೆ ಜೀವ ತುಂಬಲು ಕೇಂದ್ರ ತನ್ನ ನೌಕರರಿಗೆ 10,000 ರೂಪಾಯಿಯ ಬಡ್ಡಿರಹಿತ ಹಬ್ಬದ ಮುಂಗಡ ಕೊಟ್ಟಿತು.

ಮೈಸೂರು ದಸರಾ ವಿಚಾರ ಬಂದಾಗ ಮಾತ್ರ ಈ ತಿಳಿವಳಿಕೆ ಮರೆಯಾಗುತ್ತದೆ. ಬರ ಮತ್ತು ರೈತರ ಆತ್ಮಹತ್ಯೆಗಳ ನಡುವೆ 2015ರ ದಸರಾ ಸರಳವಾಯಿತು. 2023ರ ಸೆಪ್ಟೆಂಬರ್‌ನಲ್ಲಿ 195 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದಾಗ ಅದೇ ಚರ್ಚೆ ಮತ್ತೆ ಎದ್ದಿತು. ಸಂಯಮದ ಹಿಂದಿನ ಕಾಳಜಿಯನ್ನು ನಾವು ಗೌರವಿಸುತ್ತೇವೆ. ಆದರೆ ಜಂಬೂಸವಾರಿಯಲ್ಲಿ ಡೊಳ್ಳು ಬಾರಿಸುವ, ಕಂಸಾಳೆ ಹಿಡಿಯುವ, ಪಟ ಕುಣಿಯುವ ಎಷ್ಟೋ ಮಂದಿ ತಾವೇ ರೈತರು, ಕೂಲಿಕಾರರು. ಹೊಲದ ರಾಗಿ ಒಣಗಿದ ವರ್ಷವೇ ಅವರ ತಂಡಕ್ಕೆ ಕರೆ ಬಾರದಿದ್ದರೆ, ಬರದ ಹೆಸರಿನಲ್ಲಿ ಉಳಿಸಿದ ಹಣ ಬರಗೆಟ್ಟವರ ಕೈಯಿಂದಲೇ ಕಿತ್ತುಕೊಂಡದ್ದಾಗುತ್ತದೆ. ಸೇವಂತಿಗೆ ಬೆಳೆದವರ, ಚನ್ನಪಟ್ಟಣದ ಗೊಂಬೆ ಮಾಡುವವರ ಪಾಡೂ ಹಬ್ಬಕ್ಕೇ ಕಟ್ಟಿಬಿದ್ದಿದೆ.

ಮುಂದೆ ಮಳೆ ತಪ್ಪಿದಾಗ ಕತ್ತರಿ ದೀಪಾಲಂಕಾರದ ಮೇಲೆ ಬೀಳಲಿ, ದುಬಾರಿ ತಾರಾಗಾಯಕರ ಸಂಭಾವನೆಯ ಮೇಲೆ ಬೀಳಲಿ. ಜನಪದ ತಂಡಗಳ ಸಂಖ್ಯೆ ಆ ವರ್ಷ ಹೆಚ್ಚಬೇಕು, ಅವರ ಗೌರವಧನ ಮೆರವಣಿಗೆಯ ದಿನವೇ ಕೈಸೇರಬೇಕು. ದಸರಾ ಸಮಿತಿಯ ಮುಂದೆ ಈ ಸಂಚಿಕೆಯ ಮೂಲಕ ನಾವಿಡುವ ಬೇಡಿಕೆ ಇದು.